ಮುಳ್ಳಿನ ನೆರಳು

ಲಾರಿ ಹಿಂದೆ, ಸೈಕಲ್ ಮಡ್‌ಗಾರ್ಡ್ ಮೇಲೆ ಅಂಟಿಸುವ ಹೊಳೆಯುವ ಸ್ಟಿಕ್ಕರಿಗೆ ನಮ್ಮ ಕಾಮಸಮುದ್ರದಲ್ಲಿ ಇವತ್ತಿಗೂ ರೇಡಿಯಂ ಎಂದೇ ಹೆಸರು. ಅದರಲ್ಲಿ ರೇಡಿಯಂ ಚೂರೂ ಇಲ್ಲ. ಆ ಮಾತು ನಮ್ಮ ಬಾಯಿಗೆ ಬಂದದ್ದು ಕೈಗಡಿಯಾರದಿಂದ ಎಂದೇ ನನ್ನ ನಂಬಿಕೆ.

ಕೆಜಿಎಫ್ ಗಣಿಗೆ ಶಿವನಸಮುದ್ರದಿಂದ ಕರೆಂಟ್ ಬಂದದ್ದು 1902ರಲ್ಲಿ. ಸುತ್ತಲ ಹಳ್ಳಿಗಳಲ್ಲಿ ಆಮೇಲೂ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯೇ. ಮೊದಲ ಪಾಳಿಗೆ ಏಳಬೇಕಾದವರು ದೀಪ ಹಚ್ಚದೆ ಗಂಟೆ ನೋಡಲು ಗೋಡೆಯ ಮೊಳೆಗೆ ನೇತುಹಾಕಿದ ವಾಚಿನ ರೇಡಿಯಂ ಹಚ್ಚಿದ ಹಸಿರು ಚುಕ್ಕೆಗಳೇ ಗತಿ. ಬಂಗಾರಪೇಟೆಯಲ್ಲಿ ವಾಚ್ ರಿಪೇರಿಗೆ ಕೂತಿದ್ದ ಅಪ್ಪ ಹೀಗೆ ಹೇಳುತ್ತಿದ್ದರು. ಅವರ ಮೇಜಿನ ಮುಂದೆಯೇ ಈಗ ನಾನು ಕೂರುತ್ತೇನೆ.

ಹೋದ ವರ್ಷ ನಮ್ಮೂರಿನವರೊಬ್ಬರು ಕರ್ಚೀಫಿನಲ್ಲಿ ಸುತ್ತಿ ಒಂದು ವಾಚ್ ತಂದರು. ವೆಸ್ಟ್ ಎಂಡ್ ಕಂಪನಿಯ ಸೋವಾರ್ ಪ್ರೈಮಾ. "ಅಣ್ಣಾ, ತಾತಂದು. ಚಾಂಪಿಯನ್ ರೀಫ್ ಗಣೀಲಿದ್ರು. ಡಯಲ್ ಇನ್ನೂ ಹೊಸದರ ಥರಾನೇ ಇದೆ ನೋಡಿ, ಒಳ್ಳೇ ರೇಟು ಬರುತ್ತಲ್ವಾ?"

ಹೊಸದರ ಥರ ಇದ್ದದ್ದೇ ನನಗೆ ಅನುಮಾನ. ಕಣ್ಣಿಗೆ ಲೆನ್ಸ್ ಸಿಕ್ಕಿಸಿ ನೋಡಿದೆ. ಕಂಪನಿಯ ಅಚ್ಚಾದರೆ ಅಕ್ಷರದ ಅಂಚು ಕೂದಲೆಳೆಯಷ್ಟು ಚೂಪಾಗಿರುತ್ತದೆ. ಇಲ್ಲಿ ಅಕ್ಷರಗಳು ದಪ್ಪ, ಅಂಚಿನಲ್ಲಿ ಮಸಿ ಹರಡಿದೆ. ನಿಮಿಷದ ಗೆರೆಗಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬಿಡಿಯಾಗಿ ಬಿದ್ದಿವೆ. ಕೆಳಗಡೆ ಇರಬೇಕಾದ ಸಣ್ಣ ಅಕ್ಷರದ 'ಸ್ವಿಸ್ ಮೇಡ್' ಇಲ್ಲವೇ ಇಲ್ಲ.

ಅದಕ್ಕಿಂತ ದೊಡ್ಡ ಸಾಕ್ಷಿ ಮುಳ್ಳುಗಳಲ್ಲಿತ್ತು. ಅವುಗಳ ಹೊಟ್ಟೆಯೊಳಗಿನ ಬಣ್ಣ ಬೆಲ್ಲದ ಪಾಕ ಸೀದಂತೆ ಕಂದಾಗಿ ಬಿರಿದಿತ್ತು. ಡಯಲಿನ ಚುಕ್ಕೆಗಳು ಮಾತ್ರ ಎಳೆ ಹಸಿರು. ರೇಡಿಯಂ ಹಚ್ಚಿದ ವಾಚ್ ಪೆಟ್ಟಿಗೆಯಲ್ಲಿ ನಿಂತು ದಶಕಗಳೇ ಕಳೆದರೆ, ಮುಳ್ಳು ನಿಂತ ಜಾಗದಲ್ಲಿ ಡಯಲ್ ಸುಟ್ಟು ಕಂದು ನೆರಳು ಬೀಳುತ್ತದೆ. ಮುಳ್ಳನ್ನು ತೆಗೆದರೂ ಆ ನೆರಳು ಹೋಗುವುದಿಲ್ಲ. ಈ ಡಯಲ್ ಮೇಲೆ ಅದರ ಸುಳಿವೇ ಇರಲಿಲ್ಲ. ಆ ಚುಕ್ಕೆಗಳು ರೇಡಿಯಂ ಅಲ್ಲ. ಬರೀ ಪೇಂಟು.

ರೇಡಿಯಂ ಬಣ್ಣದಲ್ಲಿ ಬೆಳಗುತ್ತಿದ್ದುದು ಜಿಂಕ್ ಸಲ್ಫೈಡ್. ರೇಡಿಯಂ ಅದನ್ನು ಹಗಲಿರುಳು ಬಡಿದು ಎಬ್ಬಿಸುತ್ತಿತ್ತು. ಕೆಲವು ದಶಕಗಳಲ್ಲಿ ಜಿಂಕ್ ಸಲ್ಫೈಡ್ ಸೋತುಹೋಗುತ್ತದೆ. ರೇಡಿಯಂ ಅರ್ಧಕ್ಕೆ ಇಳಿಯಲು ಮಾತ್ರ 1600 ವರ್ಷ ಬೇಕು. ಬೆಳಕು ಸತ್ತಿದೆ ಎಂದು ಅದನ್ನು ಕೆರೆಯಬಾರದು, ಧೂಳನ್ನು ಊದಬಾರದು. ಅಮೆರಿಕದ ನ್ಯೂಜೆರ್ಸಿಯಲ್ಲಿ ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಡಯಲ್ ಬರೆದ ಹೆಣ್ಣುಮಕ್ಕಳ ದವಡೆಗಳು 1920ರ ದಶಕದಲ್ಲಿ ಕೊಳೆತುಹೋದವು. ಅವರನ್ನು ನೆನೆದರೆ ಈಗಲೂ ನನ್ನ ಕೈ ತಡೆಯುತ್ತದೆ. 1960ರ ದಶಕದಲ್ಲಿ ಟ್ರಿಟಿಯಂ ಬಂತು. 'ಸ್ವಿಸ್ ಮೇಡ್' ಅಕ್ಕಪಕ್ಕ 'ಟಿ' ಅಕ್ಷರ ಕಂಡರೆ ಅದೇ. ಅದರ ಕಸುವು ಹನ್ನೆರಡು ವರ್ಷ ಚಿಲ್ಲರೆಯಲ್ಲಿ ಅರ್ಧವಾಗುತ್ತದೆ.

ಹೀಗೆ ಡಯಲಿಗೆ ಹೊಸ ಬಣ್ಣ ಬಳಿಸುವುದು ಅಪ್ಪನ ಕಾಲದಲ್ಲಿ ಮೋಸದ ಕೆಲಸವಾಗಿರಲಿಲ್ಲ. ಬೆವರು, ನೀರು ಇಳಿದು ಮುಖ ಕಪ್ಪಾದರೆ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವ ಹಾಗೆ, ಡಯಲ್ ಬಳಿಸುತ್ತಿದ್ದರು. ಹಳತಕ್ಕೆ ಬೆಲೆ ಬಂದಮೇಲೆ ಮೋಸವೂ ಬಂತು. 1961ರಲ್ಲಿ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಲ್ಲಿ ಶುರುವಾದ ಎಚ್‌ಎಂಟಿ ವಾಚುಗಳನ್ನೇ ನೋಡಿ. 2016ರಲ್ಲಿ ಸರ್ಕಾರ ಆ ಘಟಕ ಮುಚ್ಚಲು ತೀರ್ಮಾನಿಸಿತು. ಎಚ್‌ಎಂಟಿ ಪೈಲಟ್ ಎಂದರೆ ನಮಗೆಲ್ಲ ನೆನಪಾಗುವುದು ಕಪ್ಪು ಡಯಲ್. ಈಗ ಕಿತ್ತಳೆ, ನೇರಳೆ ಬಣ್ಣ ಬಳಿದು 'ಹಳೆಯದು, ಒರಿಜಿನಲ್' ಎಂದು ಮಾರುತ್ತಾರೆ. ನನಗೆ ಅದು ಸಹಿಸಲಾಗದು.

ಸೋವಾರ್‌ನ ಹಿಂದಿನ ಮುಚ್ಚಳ ತೆರೆದೆ. ರಿಪೇರಿಯವರು ಒಳಗಡೆ ಸೂಜಿಯಲ್ಲಿ ತಾರೀಕು ಗೀಚಿಡುವುದು ವಾಡಿಕೆ. ಮೂರು ಗೀಚುಗಳಿದ್ದವು. ಒಂದು ಅಪ್ಪನದು, 71ನೇ ಇಸವಿ. ಏಳಕ್ಕೆ ಅವರು ನಡುವೆ ಅಡ್ಡಗೆರೆ ಹಾಕುತ್ತಿದ್ದರು. ಈ ಡಯಲನ್ನು ಬೆಂಗಳೂರಿಗೆ ಕಳಿಸಿ ಬಳಿಸಿದವರು ಅವರೇ ಇರಬೇಕು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಮಷಿನ್ ಅಸಲಿ, ಮುಳ್ಳು ಅಸಲಿ, ಡಯಲ್ ಬಳಿಸಿದ್ದು, ರೇಟು ಬರುವುದಿಲ್ಲ. ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಎಪ್ಪತ್ತೊಂದಾ? ನಮ್ಮತ್ತೆ ಮದುವೆ ವರ್ಷ ಅಣ್ಣಾ. ತಾತ ಮದುವೆಗೇ ಬಳಿಸಿರ್ತಾರೆ."

ವಾಚನ್ನು ಮಾರುವ ಮಾತು ಮತ್ತೆ ಎತ್ತಲಿಲ್ಲ. ನಾನು ಡಯಲ್ ಮುಟ್ಟಲಿಲ್ಲ. ಆಯಿಲ್ ಹಾಕಿ, ಗ್ಲಾಸ್ ಬದಲಿಸಿ, ಕೀ ಕೊಟ್ಟು ಕಿವಿಗೆ ಹಿಡಿದೆ.