ಗೆರ್ಡ್ ಮುಲ್ಲರ್

ಪಶ್ಚಿಮ ಜರ್ಮನಿ ಮತ್ತು ಬಯರ್ನ್ ಮ್ಯೂನಿಕ್ ತಂಡಗಳ ಮುಂಚೂಣಿ ಆಟಗಾರ. 1945ರ ನವೆಂಬರ್ 3ರಂದು ಬವೇರಿಯಾದ ನೋರ್ಡ್‌ಲಿಂಗನ್ ಪಟ್ಟಣದಲ್ಲಿ ಜನನ. ಹರೆಯದಲ್ಲಿ ಕಲಿಯಹೊರಟಿದ್ದು ನೇಕಾರಿಕೆ. 1964ರಲ್ಲಿ ಬಯರ್ನ್ ಸೇರಿದಾಗ ಆ ಕ್ಲಬ್ ಎರಡನೇ ದರ್ಜೆಯಲ್ಲಿತ್ತು. ಗಿಡ್ಡ ಮೈಕಟ್ಟು, ತುಂಬು ತೊಡೆಗಳ ಈ ಹುಡುಗನಿಗೆ ಕೋಚ್ ಚೈಕೋವ್‌ಸ್ಕಿ ಇಟ್ಟ ಹೆಸರು ‘ಕುಳ್ಳ ದಪ್ಪ ಮುಲ್ಲರ್’.

ನೋಡುಗರ ಕಣ್ಣಿಗೆ ಹಬ್ಬವಾಗುವ ಆಟ ಅವರದಲ್ಲ. ದೂರದಿಂದ ಸಿಡಿಸುವ ಹೊಡೆತಗಳಿಗಿಂತ ಗೋಲುಕಂಬಗಳ ಆಸುಪಾಸಿನ ನೂಕುನುಗ್ಗಲೇ ಅವರಿಗೆ ಒಗ್ಗಿದ ಜಾಗ. ಬಿದ್ದು, ಕೂತು, ಮಂಡಿಯಲ್ಲಿ, ಹೇಗಾದರೂ ಸರಿ, ಚೆಂಡು ಗೆರೆ ದಾಟಬೇಕು, ಅಷ್ಟೇ.

1974ರ ವಿಶ್ವಕಪ್ ಫೈನಲ್‌ ಇದಕ್ಕೆ ಸಾಕ್ಷಿ. ಮ್ಯೂನಿಕ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ 1-1, 43ನೇ ನಿಮಿಷ. ಬೊನ್‌ಹೊಫ್ ಬಲಬದಿಯಿಂದ ನುಗ್ಗಿ ಕೊಟ್ಟ ಪಾಸ್ ಮುಲ್ಲರ್ ಕಾಲಿಗೆ ತಾಗಿ ಹಿಂದಕ್ಕೆ ಜಾರಿತು. ಅವಕಾಶ ಕೈತಪ್ಪಿತು ಎನ್ನುವಷ್ಟರಲ್ಲಿ ಅವರು ಗಿರಕ್ಕನೆ ತಿರುಗಿ ನೆಲಮಟ್ಟದಲ್ಲಿ ಒದ್ದರು. ಒದೆತದಲ್ಲಿ ಅಂಥ ಬಿರುಸೇನೂ ಇರಲಿಲ್ಲ. ಆದರೂ ಗೋಲ್‌ಕೀಪರ್ ಯೊಂಗ್‌ಬ್ಲೂಟ್ ನಿಂತಲ್ಲೇ ನಿಂತಿದ್ದರು. ಪಂದ್ಯ 2-1ರಲ್ಲಿ ಮುಗಿಯಿತು. ಆಗಿನ್ನೂ 28 ವರ್ಷದ ಮುಲ್ಲರ್ ರಾಷ್ಟ್ರೀಯ ತಂಡಕ್ಕೆ ಅಲ್ಲಿಗೇ ವಿದಾಯ ಹೇಳಿದರು: 62 ಪಂದ್ಯ, 68 ಗೋಲು.

ಅದಕ್ಕೂ ಮುಂಚೆ 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ 10 ಗೋಲು ಗಳಿಸಿ, ಆ ವರ್ಷ ಬ್ಯಾಲನ್ ಡಿ’ಓರ್ ಪಡೆದ ಮೊದಲ ಜರ್ಮನ್ ಆಟಗಾರರಾದರು. 1972ರ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧದ ಮೂರು ಗೋಲುಗಳಲ್ಲಿ ಎರಡು ಅವರವೇ. ಬಯರ್ನ್ 1974ರಿಂದ ಸತತ ಮೂರು ವರ್ಷ ಯುರೋಪಿಯನ್ ಕಪ್ ಗೆದ್ದಿತು. ಬುಂಡೆಸ್‌ಲೀಗಾದಲ್ಲಿ 427 ಪಂದ್ಯಗಳಿಂದ 365 ಗೋಲು ಅವರ ಗಳಿಕೆ. ಈ ದಾಖಲೆಯ ಹತ್ತಿರಕ್ಕೂ ಸುಳಿದವರು ಕಡಿಮೆ.

1979ರಲ್ಲಿ ಅಮೆರಿಕದ ಫೋರ್ಟ್ ಲಾಡರ್‌ಡೇಲ್ ಸ್ಟ್ರೈಕರ್ಸ್ ಸೇರಿದರು. ಆಟ ನಿಂತ ಮೇಲೆ ಕುಡಿತಕ್ಕೆ ಬಿದ್ದರು. ಹಳೆಯ ಜತೆಗಾರರು ಕೈಬಿಡಲಿಲ್ಲ; ಚಿಕಿತ್ಸೆಯ ನಂತರ ಬಯರ್ನ್‌ನಲ್ಲೇ ಎಳೆಯರಿಗೆ ತರಬೇತಿ ಕೊಡುವ ಕೆಲಸ ಸಿಕ್ಕಿತು. ಅವರಿಗೆ ಆಲ್‌ಝೈಮರ್ ಇರುವುದನ್ನು ಕ್ಲಬ್ 2015ರಲ್ಲಿ ತಿಳಿಸಿತು.

1972ರಲ್ಲಿ ಅವರು ಹೊಡೆದ 85 ಗೋಲುಗಳ ವಾರ್ಷಿಕ ದಾಖಲೆ ಮೆಸ್ಸಿಯಿಂದ ಮುರಿದದ್ದು 2012ರಲ್ಲಿ. 1971-72ರ ಲೀಗ್‌ನ 40 ಗೋಲುಗಳ ದಾಖಲೆ ಅದಕ್ಕಿಂತಲೂ ಹೆಚ್ಚು ಕಾಲ ಉಳಿಯಿತು: 2021ರ ಮೇನಲ್ಲಿ ಬಯರ್ನ್‌ನ ಲೆವಾಂಡೋವ್‌ಸ್ಕಿ 41ನೆಯದನ್ನು ಹೊಡೆದರು, ಅದೂ ಋತುವಿನ ಕೊನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ. ಅದೇ ಆಗಸ್ಟ್ 15ರಂದು, 75ನೇ ವಯಸ್ಸಿನಲ್ಲಿ ಮುಲ್ಲರ್ ತೀರಿಕೊಂಡರು.