ಅತಿಥಿಯ ಭಾಷಣ, ಆತಿಥೇಯರ ಅಡ್ಡಮಾತು

ಮನೆಗೆ ಬಂದ ಅತಿಥಿಗೆ ಎದುರಾಡಬಾರದು ಎಂಬುದು ಎಲ್ಲ ದೇಶಗಳಲ್ಲೂ ಇರುವ ಶಿಷ್ಟಾಚಾರ. ಆದರೆ ಆ ಮನೆ ಒಂದು ದೇಶದ ಸಂಸತ್ತಾಗಿದ್ದರೆ? ಅತಿಥಿ ಇನ್ನೊಂದು ದೇಶದ ಅಧ್ಯಕ್ಷರಾಗಿದ್ದು, ಅವರ ನೀತಿಯನ್ನು ಒಪ್ಪದ ಲಕ್ಷಾಂತರ ಮತದಾರರ ಪ್ರತಿನಿಧಿಗಳು ಅದೇ ಸದನದಲ್ಲಿ ಕುಳಿತಿದ್ದರೆ? 2003ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಸಂಸತ್ತು ಸತತ ಎರಡು ದಿನ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ಅಂದು ಇಬ್ಬರು ಸದಸ್ಯರು ಆಡಿದ ನಾಲ್ಕು ಮಾತುಗಳಿಂದಾಗಿ ಆ ದೇಶದ ಸಂಸತ್ತಿನ ನಡಾವಳಿಯೇ ಬದಲಾಯಿತು.

ಅಕ್ಟೋಬರ್ 23, ಗುರುವಾರ ರಾಜಧಾನಿ ಕ್ಯಾನ್‌ಬೆರಾದಲ್ಲಿ ಉಭಯ ಸದನಗಳನ್ನು ಉದ್ದೇಶಿಸಿ ಮಾತನಾಡಿದವರು ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್. ಮರುದಿನ ಶುಕ್ರವಾರ ಅದೇ ಸ್ಥಳದಲ್ಲಿ ನಿಂತವರು ಚೀನಾದ ಅಧ್ಯಕ್ಷ ಹು ಜಿಂಟಾವೊ. ಅಮೆರಿಕದ ಇಬ್ಬರು ಅಧ್ಯಕ್ಷರು ಅದಕ್ಕೆ ಮೊದಲೂ ಇಲ್ಲಿ ಭಾಷಣ ಮಾಡಿದ್ದರು. 1992ರ ಜನವರಿಯಲ್ಲಿ ಬುಷ್ ಅವರ ತಂದೆ, ಹಿರಿಯ ಬುಷ್. 1996ರ ನವೆಂಬರ್‌ನಲ್ಲಿ ಬಿಲ್ ಕ್ಲಿಂಟನ್. ಆದರೆ ಅಮೆರಿಕನ್ನರಲ್ಲದ ನಾಯಕರೊಬ್ಬರಿಗೆ ಈ ಗೌರವ ದೊರೆತದ್ದು ಹು ಜಿಂಟಾವೊ ಅವರಿಂದಲೇ ಮೊದಲು. ಒಬ್ಬರು ಆಸ್ಟ್ರೇಲಿಯಾದ ರಕ್ಷಣೆಯ ಹೊಣೆ ಹಂಚಿಕೊಂಡ ಮಿತ್ರರಾಷ್ಟ್ರದ ನಾಯಕ, ಇನ್ನೊಬ್ಬರು ಅದರ ಕಬ್ಬಿಣದ ಅದಿರು ಕೊಳ್ಳುವ ರಾಷ್ಟ್ರದ ನಾಯಕ. ಇಬ್ಬರನ್ನೂ ಅಕ್ಕಪಕ್ಕದ ದಿನಗಳಲ್ಲಿ ಬರಮಾಡಿಕೊಳ್ಳುವುದು ಪ್ರಧಾನಿ ಜಾನ್ ಹೊವಾರ್ಡ್ ಸರ್ಕಾರಕ್ಕೆ ಹೆಮ್ಮೆಯ ಸಂಗತಿಯಾಗಿತ್ತು.

ಯುದ್ಧದ ಹಿನ್ನೆಲೆ

ಬುಷ್ ಬಂದಾಗ ಇರಾಕ್ ಮೇಲಿನ ದಾಳಿ ನಡೆದು ಏಳು ತಿಂಗಳಾಗಿತ್ತು. ಈ ಯುದ್ಧಕ್ಕೆ ಆಸ್ಟ್ರೇಲಿಯಾ ಸುಮಾರು 2,000 ಸೈನಿಕರನ್ನು ಕಳುಹಿಸಿತ್ತು. ಅದಕ್ಕೆ ದೇಶದಲ್ಲಿ ತೀವ್ರ ವಿರೋಧವೂ ವ್ಯಕ್ತವಾಗಿತ್ತು. 2003ರ ಫೆಬ್ರುವರಿಯಲ್ಲಿ ನಗರ ನಗರಗಳಲ್ಲಿ ಭಾರಿ ಮೆರವಣಿಗೆಗಳು ನಡೆದವು. ಅದೇ ತಿಂಗಳು ಸಂಸತ್ತಿನ ಮೇಲ್ಮನೆಯಾದ ಸೆನೆಟ್, ಸೇನೆ ಕಳುಹಿಸಿದ ಕಾರಣಕ್ಕೆ ಪ್ರಧಾನಿಯ ವಿರುದ್ಧ ಅವಿಶ್ವಾಸ ನಿರ್ಣಯವನ್ನೇ ಅಂಗೀಕರಿಸಿತು. ಸೆನೆಟ್‌ನ ಇತಿಹಾಸದಲ್ಲಿ ಅಂಥ ನಿರ್ಣಯ ಅದೇ ಮೊದಲು. ಸರ್ಕಾರದ ಅಳಿವು ಉಳಿವು ಕೆಳಮನೆಯನ್ನು ಅವಲಂಬಿಸಿರುವುದರಿಂದ ಹೊವಾರ್ಡ್ ಅವರಿಗೆ ಧಕ್ಕೆಯಾಗಲಿಲ್ಲ.

ಇನ್ನೊಂದು ನೋವಿನ ವಿಷಯವೂ ಇತ್ತು. ಆಸ್ಟ್ರೇಲಿಯಾದ ಇಬ್ಬರು ಪ್ರಜೆಗಳು, ಡೇವಿಡ್ ಹಿಕ್ಸ್ ಮತ್ತು ಮಮ್ದೂಹ್ ಹಬೀಬ್, ಅಮೆರಿಕದ ಗ್ವಾಂಟನಾಮೊ ಸೆರೆಮನೆಯಲ್ಲಿದ್ದರು. ಹಿಕ್ಸ್ ಸಿಕ್ಕಿಬಿದ್ದದ್ದು ಆಫ್ಘಾನಿಸ್ತಾನದಲ್ಲಿ, ಹಬೀಬ್ ಬಂಧನವಾದದ್ದು ಪಾಕಿಸ್ತಾನದಲ್ಲಿ. 2002ರಿಂದ ಗ್ವಾಂಟನಾಮೊದಲ್ಲಿದ್ದ ಇಬ್ಬರ ವಿಚಾರಣೆಯೂ ಆರಂಭವಾಗಿರಲಿಲ್ಲ. ತಮ್ಮ ಕೆಲವು ಪ್ರಜೆಗಳನ್ನು ಬಿಡಿಸಿಕೊಳ್ಳಲು ಬೇರೆ ದೇಶಗಳು ಪ್ರಯತ್ನಿಸುತ್ತಿದ್ದಾಗ ಹೊವಾರ್ಡ್ ಸರ್ಕಾರ ಅಮೆರಿಕದ ಕ್ರಮವನ್ನು ಒಪ್ಪಿಕೊಂಡು ಸುಮ್ಮನಿದೆ ಎಂಬ ಟೀಕೆ ಕೇಳಿಬರುತ್ತಿತ್ತು.

ಇದರ ಜೊತೆಗೆ ಒಂದು ಮಾತಿನ ಕಿಡಿ. ಆಸ್ಟ್ರೇಲಿಯಾ ಈ ಪ್ರದೇಶದಲ್ಲಿ ಅಮೆರಿಕದ 'ಡೆಪ್ಯುಟಿ ಶೆರಿಫ್' ಇದ್ದಂತೆಯೇ ಎಂದು ಭೇಟಿಗೆ ಕೆಲವೇ ದಿನ ಮುಂಚೆ ಪತ್ರಕರ್ತರು ಕೇಳಿದಾಗ, ಡೆಪ್ಯುಟಿ ಏಕೆ, ಶೆರಿಫ್ ಎಂದೇ ಭಾವಿಸಿದ್ದೇವೆ ಎಂಬರ್ಥದ ಉತ್ತರವನ್ನು ಬುಷ್ ಕೊಟ್ಟಿದ್ದರು. ಹೊಗಳಿಕೆ ಎಂದು ಆಡಿದ ಈ ಮಾತು ಅನೇಕ ಆಸ್ಟ್ರೇಲಿಯನ್ನರಿಗೆ, ಅವರ ಏಷ್ಯಾದ ನೆರೆಯವರಿಗೆ ಹಿಡಿಸಲಿಲ್ಲ.

ಅಡ್ಡಮಾತು, ಹಸ್ತಲಾಘವ

ಭಾಷಣದ ದಿನ ಸಂಸತ್ ಭವನದ ಹೊರಗೆ ಸಾವಿರಾರು ಪ್ರತಿಭಟನಕಾರರು ಸೇರಿದ್ದರು. ಒಳಗೆ ಸಾರ್ವಜನಿಕರ ಗ್ಯಾಲರಿಗೆ ಆಹ್ವಾನಿತರಿಗೆ ಮಾತ್ರ ಪ್ರವೇಶ. ವಿರೋಧ ಪಕ್ಷವಾದ ಲೇಬರ್ ಸೌಜನ್ಯದ ದಾರಿ ಹಿಡಿಯಿತು. ಅದರ ಸುಮಾರು 40 ಸಂಸದರು ಯುದ್ಧವನ್ನು ವಿರೋಧಿಸಿ ಬುಷ್ ಅವರಿಗೆ ಪತ್ರ ಬರೆದರು. ಪಕ್ಷದ ನಾಯಕ ಸೈಮನ್ ಕ್ರೀನ್ ತಮ್ಮ ಸ್ವಾಗತ ಭಾಷಣದಲ್ಲೇ, ಇರಾಕ್ ವಿಷಯದಲ್ಲಿ ಭಿನ್ನಾಭಿಪ್ರಾಯ ಇದೆ, ಸ್ನೇಹಿತರು ಪರಸ್ಪರ ಪ್ರಾಮಾಣಿಕವಾಗಿರಬೇಕು ಎಂಬ ಮಾತನ್ನು ಸೇರಿಸಿದರು.

ಗ್ರೀನ್ಸ್ ಪಕ್ಷದ ಇಬ್ಬರು ಸೆನೆಟರುಗಳಿಗೆ ಅಷ್ಟು ಸಾಕೆನಿಸಲಿಲ್ಲ. ಟಾಸ್ಮೇನಿಯಾದ ವೈದ್ಯ, ಪರಿಸರ ಹೋರಾಟದಿಂದ ರಾಜಕೀಯಕ್ಕೆ ಬಂದ ಬಾಬ್ ಬ್ರೌನ್ ಭಾಷಣದ ನಡುವೆ ದನಿ ಎತ್ತಿದರು. ಗ್ವಾಂಟನಾಮೊದಲ್ಲಿರುವ ಆಸ್ಟ್ರೇಲಿಯನ್ನರನ್ನು ಹಿಂದಕ್ಕೆ ಕಳುಹಿಸಿ, ಜಗತ್ತಿನ ಕಾನೂನನ್ನು ನೀವು ಗೌರವಿಸಿದರೆ ಜಗತ್ತು ನಿಮ್ಮನ್ನು ಗೌರವಿಸುತ್ತದೆ ಎಂಬುದು ಅವರ ಮಾತಿನ ಸಾರ. ಹೊರನಡೆಯುವಂತೆ ಸಭಾಧ್ಯಕ್ಷ ನೀಲ್ ಆಂಡ್ರ್ಯೂ ಆದೇಶಿಸಿದರೂ ಬ್ರೌನ್ ಕದಲಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ನ್ಯೂ ಸೌತ್ ವೇಲ್ಸ್‌ನ ಯುವ ಸೆನೆಟರ್ ಕೆರಿ ನೆಟ್ಲ್ ದನಿಗೂಡಿಸಿದರು. ಅವರಿಗೂ ಅದೇ ಆದೇಶ, ಅವರದೂ ಅದೇ ಉತ್ತರ. ಬುಷ್ ವಿಚಲಿತರಾಗಲಿಲ್ಲ. ತಮಗೆ ವಾಕ್ ಸ್ವಾತಂತ್ರ್ಯವೆಂದರೆ ಬಲು ಪ್ರೀತಿ ಎಂದು ಅವರು ಹೇಳಿದಾಗ ಸದನ ನಗೆ, ಚಪ್ಪಾಳೆಗಳಿಂದ ತುಂಬಿತು.

ಭಾಷಣ ಮುಗಿದ ಮೇಲೆ ಬುಷ್ ಸದಸ್ಯರ ಸಾಲಿನ ನಡುವೆ ಕೈಕುಲುಕುತ್ತ ಬಂದರು. ಬ್ರೌನ್ ಅವರ ಕೈಯನ್ನೂ ಕುಲುಕಿದರು. ನೆಟ್ಲ್ ಅವರ ಬಳಿ ಹಬೀಬ್ ಅವರ ಪತ್ನಿ ಬರೆದ ಪತ್ರವಿತ್ತು. ಅದನ್ನು ಅಧ್ಯಕ್ಷರಿಗೆ ತಲುಪಿಸಲು ಅವರು ಮುಂದಾದಾಗ ಆಡಳಿತ ಪಕ್ಷದ ಸದಸ್ಯರು ಅಡ್ಡ ನಿಂತರು, ನೂಕುನುಗ್ಗಲಾಯಿತು. ಪತ್ರ ಕೈಯಲ್ಲೇ ಉಳಿಯಿತು. ಬುಷ್ ನಿರ್ಗಮಿಸಿದ ಬಳಿಕ ಇಬ್ಬರು ಸೆನೆಟರುಗಳನ್ನೂ 24 ಗಂಟೆಗಳ ಕಾಲ ಅಮಾನತುಗೊಳಿಸಲಾಯಿತು.

ಮರುದಿನದ ಅತಿಥಿ

ಸಾಮಾನ್ಯವಾಗಿ 24 ಗಂಟೆಗಳ ಅಮಾನತು ದೊಡ್ಡ ಶಿಕ್ಷೆಯೇನೂ ಅಲ್ಲ. ಆದರೆ ಈ ಗಡುವು ಮುಗಿಯುವುದರೊಳಗೆ ಹು ಜಿಂಟಾವೊ ಭಾಷಣ ಮುಗಿದಿರುತ್ತಿತ್ತು. ಬ್ರೌನ್ ಬಹುಕಾಲದಿಂದ ಟಿಬೆಟ್ ಪರವಾಗಿ ಸೆನೆಟ್‌ನಲ್ಲಿ ಮಾತನಾಡುತ್ತ ಬಂದವರು. ಅಮೆರಿಕದ ಅಧ್ಯಕ್ಷರಿಗೆ ಅಡ್ಡಮಾತಾಡಿದ ತಪ್ಪಿಗೆ ಚೀನಾದ ಅಧ್ಯಕ್ಷರ ಎದುರು ಕೂರುವ ಅವಕಾಶವನ್ನೇ ಅವರು ಕಳೆದುಕೊಂಡರು.

ಶುಕ್ರವಾರ ನಡೆದದ್ದು ಇನ್ನೂ ಸೂಕ್ಷ್ಮ ವಿಚಾರ. ಟಿಬೆಟ್ ಮೂಲದವರೂ ಸೇರಿದಂತೆ ಕೆಲವರನ್ನು ಗ್ರೀನ್ಸ್ ಪಕ್ಷ ಅತಿಥಿಗಳಾಗಿ ಆಹ್ವಾನಿಸಿತ್ತು. ಭಾಷಣಕ್ಕೆ ಮುನ್ನ ಚೀನಾದ ವಿದೇಶಾಂಗ ಸಚಿವರು ಸಂಸತ್ತಿನ ಸಭಾಧ್ಯಕ್ಷರನ್ನು ಕಂಡು, ಗುರುವಾರದಂಥ ಅಡ್ಡಿ ಮರುಕಳಿಸಬಾರದೆಂಬ ಕಳವಳ ವ್ಯಕ್ತಪಡಿಸಿದರು. ಬಳಿಕ ಗ್ರೀನ್ಸ್ ಅತಿಥಿಗಳಿಗೆ ಸಿಕ್ಕಿದ್ದು ತೆರೆದ ಗ್ಯಾಲರಿಯ ಬದಲು ಗಾಜಿನ ಗೋಡೆಯ ಹಿಂದಿನ ಗ್ಯಾಲರಿ. ಅಲ್ಲಿಂದ ಕೂಗಿದರೂ ಸದನಕ್ಕೆ ಕೇಳಿಸದು. ಹು ಭಾಷಣ ನಿರಾತಂಕವಾಗಿ ನಡೆಯಿತು.

1960ರ ದಶಕದಿಂದ ಬೈಲಕುಪ್ಪೆಯಲ್ಲಿ ನೆಲೆ ನಿಂತ ಟಿಬೆಟನ್ನರನ್ನು ಬಲ್ಲ ಕನ್ನಡಿಗರಿಗೆ ಆ ಗಾಜಿನ ಗೋಡೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಚೀನಾದ ನಾಯಕರ ಕಣ್ಣಿಗೆ ಬೀಳುವಂತೆ ಒಮ್ಮೆ ನಿಲ್ಲುವುದೂ ಆ ಜನರಿಗೆ ಒಂದು ರಾಜಕೀಯ ಹೇಳಿಕೆಯೇ. ಆಸ್ಟ್ರೇಲಿಯಾದ ಟೀಕಾಕಾರರು ಎತ್ತಿದ ಪ್ರಶ್ನೆಯೂ ಇದೇ: ಸಂಸತ್ತಿನ ಯಾವ ಆಸನದಲ್ಲಿ ಯಾರು ಕೂರಬೇಕೆಂಬ ವಿಷಯದಲ್ಲಿ ವಿದೇಶಿ ನಿಯೋಗದ ಮಾತು ಎಷ್ಟು ನಡೆಯಬೇಕು? ಹಿಂದಿನ ದಿನದ ಗದ್ದಲ ಇಲ್ಲದಿದ್ದರೆ ಚೀನಾದ ಕಳವಳಕ್ಕೆ ಅಷ್ಟು ತೂಕ ಬರುತ್ತಿತ್ತೇ ಎಂಬ ಮರುಪ್ರಶ್ನೆಯೂ ಇದ್ದೇ ಇದೆ.

ಯಾರ ಸದನ, ಯಾರ ನಿಯಮ?

ಅತಿಥಿಗಳು ಹೊರಟುಹೋದ ಮೇಲೆ ಕಾನೂನಿನ ಪ್ರಶ್ನೆ ಎದ್ದಿತು. ಅಮಾನತುಗೊಂಡವರು ಸೆನೆಟ್ ಸದಸ್ಯರು, ಆದೇಶ ಹೊರಡಿಸಿದವರು ಕೆಳಮನೆಯ ಸಭಾಧ್ಯಕ್ಷರು. ನಮ್ಮಲ್ಲಿ ವಿಧಾನಸಭೆಯ ಸ್ಪೀಕರ್ ವಿಧಾನ ಪರಿಷತ್ ಸದಸ್ಯರನ್ನು ಅಮಾನತು ಮಾಡಿದರೆ ಹೇಗಿರುತ್ತದೋ ಹಾಗೆ. ಒಂದು ಸದನಕ್ಕೆ ಇನ್ನೊಂದು ಸದನದ ಸದಸ್ಯರ ಮೇಲೆ ಅಧಿಕಾರವಿಲ್ಲ ಎಂಬುದು ದ್ವಿಸದನ ಪದ್ಧತಿಯ ಮೂಲ ತತ್ವಗಳಲ್ಲೊಂದು.

ಈ ತೊಡಕಿಗೆ ಕಾರಣ ಸಭೆಯ ಸ್ವರೂಪ. ಎರಡೂ ಸದನಗಳು ಪ್ರತ್ಯೇಕ ನಿರ್ಣಯ ಮಾಡಿ ಜಂಟಿಯಾಗಿ ಸೇರಿದ್ದವು. ಕೆಳಮನೆಯ ಸಭಾಧ್ಯಕ್ಷರೇ ಅಧ್ಯಕ್ಷತೆ ವಹಿಸುವುದು, ಅನ್ವಯವಾಗುವಷ್ಟರಮಟ್ಟಿಗೆ ಆ ಮನೆಯ ನಿಯಮಗಳನ್ನೇ ಪಾಲಿಸುವುದು ಎಂದೂ ಒಪ್ಪಿದ್ದವು. ಸರ್ಕಾರ ಈ ಒಪ್ಪಿಗೆಯನ್ನೇ ಆಧಾರವಾಗಿಟ್ಟುಕೊಂಡಿತು. ಹಾಗೆ ಅಧಿಕಾರ ಬಿಟ್ಟುಕೊಡಲು ಸಂವಿಧಾನದಲ್ಲಿ ಅವಕಾಶವಿದೆಯೇ ಎಂದು ಸೆನೆಟ್ ಕಡೆಯವರು ಕೇಳಿದರು. ವಿಷಯ ಸೆನೆಟ್‌ನ ಹಕ್ಕುಬಾಧ್ಯತಾ ಸಮಿತಿಯ ಮುಂದೆ ಹೋಯಿತು.

ಕೊನೆಗೆ ಕಂಡುಕೊಂಡ ಪರಿಹಾರ ಸರಳ. ವಿದೇಶಿ ನಾಯಕರ ಭಾಷಣಕ್ಕೆ ಜಂಟಿ ಸಭೆ ಸೇರುವ ಕ್ರಮವನ್ನೇ ಕೈಬಿಡಲಾಯಿತು. ಅಂದಿನಿಂದ ಅದು ಕೆಳಮನೆಯ ಸಭೆ ಮಾತ್ರ. ಸೆನೆಟರುಗಳು ಅಲ್ಲಿಗೆ ಬರುವುದು ಆಹ್ವಾನಿತ ಅತಿಥಿಗಳಾಗಿ. 2006ರಲ್ಲಿ ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್, 2011ರಲ್ಲಿ ಬರಾಕ್ ಒಬಾಮ ಮಾತನಾಡಿದ್ದು ಈ ಏರ್ಪಾಡಿನಲ್ಲೇ. 2014ರ ನವೆಂಬರ್ 18ರಂದು ನರೇಂದ್ರ ಮೋದಿ ಅಲ್ಲಿ ಭಾಷಣ ಮಾಡಿದ ಮೊದಲ ಭಾರತೀಯ ಪ್ರಧಾನಿ ಎನಿಸಿದಾಗಲೂ ಸೆನೆಟರುಗಳು ಕುಳಿತದ್ದು ಅತಿಥಿಗಳ ಸಾಲಿನಲ್ಲಿ.

ಪ್ರತಿಭಟನೆಯ ನಾನಾ ಬಗೆ

ವಿದೇಶಿ ನಾಯಕರ ಎದುರು ಜನಪ್ರತಿನಿಧಿಗಳು ಪ್ರತಿಭಟಿಸಿದ್ದು ಇದೇ ಮೊದಲಲ್ಲ. 1984ರ ಜೂನ್ 4ರಂದು ರೊನಾಲ್ಡ್ ರೇಗನ್ ಐರ್ಲೆಂಡಿನ ಸಂಸತ್ತಿನಲ್ಲಿ ಭಾಷಣಕ್ಕೆ ನಿಂತಾಗ ಮೂವರು ಸದಸ್ಯರು ಎದ್ದು ಹೊರನಡೆದರು. ರೇಗನ್ ಪೂರ್ವಿಕರ ಊರೆಂದು ಐರ್ಲೆಂಡ್ ಸಂಭ್ರಮಿಸುತ್ತಿದ್ದ ಹೊತ್ತಿನಲ್ಲಿ, ಮಧ್ಯ ಅಮೆರಿಕದಲ್ಲಿ ಅವರ ಸರ್ಕಾರ ನಡೆಸುತ್ತಿದ್ದ ಹಸ್ತಕ್ಷೇಪವನ್ನು ನೆನಪಿಸಿದ ಸಭಾತ್ಯಾಗ ಅದು. ಮರುವರ್ಷ ಮೇ 8ರಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಸಂಸತ್ತಿನಲ್ಲಿ ಎಡಪಕ್ಷಗಳ ಸದಸ್ಯರು ನಿಕರಾಗುವ ವಿಷಯವಾಗಿ ಫಲಕ ಹಿಡಿದು ಕೂಗಿದರು, ಹಲವರು ಹೊರನಡೆದರು. ಅದರ ಮರುದಿನ ಪೋರ್ಚುಗಲ್‌ನಲ್ಲಿ ಕಮ್ಯುನಿಸ್ಟ್ ಸದಸ್ಯರ ಸರದಿ. ಎಡಬದಿಯ ಕುರ್ಚಿಗಳು ಹಿತವಾಗಿಲ್ಲವೆಂದು ಕಾಣುತ್ತದೆ ಎಂದು ರೇಗನ್ ಚಟಾಕಿ ಹಾರಿಸಿದರು.

ಅತಿಥಿಯ ಭಾಷಣಕ್ಕೆ ಬಾರದೆ ಉಳಿಯುವುದು ಇನ್ನೊಂದು ಬಗೆ. 2015ರಲ್ಲಿ ಇಸ್ರೇಲ್ ಪ್ರಧಾನಿ ನೆತನ್ಯಾಹು ಅಮೆರಿಕದ ಕಾಂಗ್ರೆಸ್‌ನಲ್ಲಿ ಮಾತನಾಡಿದಾಗ 50ಕ್ಕೂ ಹೆಚ್ಚು ಡೆಮಾಕ್ರಾಟ್ ಸದಸ್ಯರು ಗೈರುಹಾಜರಾದರು. 2023ರ ಜೂನ್‌ನಲ್ಲಿ ಮೋದಿ ಭಾಷಣಕ್ಕೂ ಕೆಲವು ಡೆಮಾಕ್ರಾಟರು ಬರಲಿಲ್ಲ. 2024ರ ಜುಲೈನಲ್ಲಿ ನೆತನ್ಯಾಹು ಮತ್ತೆ ಬಂದಾಗ ಪ್ಯಾಲೆಸ್ಟೀನ್ ಮೂಲದ ಸದಸ್ಯೆ ರಶೀದಾ ತ್ಲೈಬ್ ಫಲಕ ಹಿಡಿದು ಮೌನವಾಗಿ ಕುಳಿತರು. 2025ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಸಂಸತ್ತಿನಲ್ಲಿ ಡೊನಾಲ್ಡ್ ಟ್ರಂಪ್ ಎದುರು ಪ್ಯಾಲೆಸ್ಟೀನ್‌ಗೆ ಮಾನ್ಯತೆ ಕೊಡಿ ಎಂಬ ಫಲಕ ತೋರಿದ ಇಬ್ಬರು ಸದಸ್ಯರನ್ನು ಹೊರಹಾಕಲಾಯಿತು.

ಭಾರತ ಬೇರೆಯದೇ ದಾರಿ ಕಂಡುಕೊಂಡಿತ್ತು. 2000ದ ಮಾರ್ಚ್‌ನಲ್ಲಿ ಕ್ಲಿಂಟನ್ ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ಮಾತನಾಡಿದಾಗ ಅವರ ಕೈಕುಲುಕಲು ನಮ್ಮ ಸಂಸದರು ಮುಗಿಬಿದ್ದರು. 2006ರ ಮಾರ್ಚ್‌ನಲ್ಲಿ ಬುಷ್ ಬಂದಾಗ ಮನಮೋಹನ ಸಿಂಗ್ ಸರ್ಕಾರ ನಿಂತಿದ್ದು ಎಡಪಕ್ಷಗಳ ಬೆಂಬಲದ ಮೇಲೆ. ಆ ಪಕ್ಷಗಳು ಭೇಟಿಯನ್ನೇ ವಿರೋಧಿಸುತ್ತಿದ್ದವು. ಬುಷ್ ಭಾಷಣ ಸಂಸತ್ತಿನಲ್ಲಿ ನಡೆಯಲಿಲ್ಲ. ದೆಹಲಿಯ ಪುರಾನಾ ಕಿಲಾದ ಕೋಟೆಗೋಡೆಗಳ ನಡುವೆ, ಆಹ್ವಾನಿತರ ಮುಂದೆ ಅವರು ಮಾತನಾಡಿದರು. ಕ್ಯಾನ್‌ಬೆರಾದಂಥ ಪ್ರಸಂಗಕ್ಕೆ ಎಡೆಯೇ ಉಳಿಯಲಿಲ್ಲ.

ಉಳಿದ ಪ್ರಶ್ನೆ

ಅಡ್ಡಮಾತಿನಿಂದ ಏನು ಸಿಕ್ಕಿತು? ಬುಷ್ ನೀತಿ ಬದಲಾಗಲಿಲ್ಲ. ಹಬೀಬ್ ಬಿಡುಗಡೆಯಾದದ್ದು 2005ರ ಜನವರಿಯಲ್ಲಿ, ಯಾವ ಆರೋಪಪಟ್ಟಿಯೂ ಇಲ್ಲದೆ. ಹಿಕ್ಸ್ 2007ರಲ್ಲಿ ಮಿಲಿಟರಿ ಆಯೋಗದ ಮುಂದೆ ತಪ್ಪೊಪ್ಪಿಕೊಂಡು ಆಸ್ಟ್ರೇಲಿಯಾಕ್ಕೆ ಮರಳಿದರು. 2015ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಪಡಿಸಿತು. ವಕೀಲರು, ಕುಟುಂಬದವರು, ಸಾರ್ವಜನಿಕರು ವರ್ಷಗಟ್ಟಲೆ ನಡೆಸಿದ ಪ್ರಯತ್ನದ ಫಲವನ್ನು ಒಂದು ಕೂಗಿನ ಲೆಕ್ಕಕ್ಕೆ ಹಾಕುವುದು ಸರಿಯಲ್ಲ. ಆದರೂ ಆ ಇಬ್ಬರು ಕೈದಿಗಳ ವಿಷಯವನ್ನು ಅಮೆರಿಕದ ಅಧ್ಯಕ್ಷರು ಆಸ್ಟ್ರೇಲಿಯಾದ ಸದನದಲ್ಲಿ ನಿಂತು ಕೇಳಿಸಿಕೊಳ್ಳಬೇಕಾಯಿತು.

ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಮರುದಿನ ಟಿಬೆಟ್ ಪರವಾಗಿ ಇರಬೇಕಾದ ಎರಡು ಆಸನಗಳು ಖಾಲಿ ಉಳಿದವು. ಬಂದ ಅತಿಥಿಗೆ ಎದುರಾಡಿದವರು ಸೆನೆಟರುಗಳು. ಇಂದು ವಿದೇಶಿ ನಾಯಕರೊಬ್ಬರು ಕ್ಯಾನ್‌ಬೆರಾಕ್ಕೆ ಬಂದು ಮಾತನಾಡುವಾಗ ತಮ್ಮದೇ ಸಂಸತ್ ಭವನದಲ್ಲಿ ಅತಿಥಿಗಳಾಗಿ ಕೂರುವವರೂ ಸೆನೆಟರುಗಳೇ.