ತಪಾಸಣೆಗೆ ಸಿಗದ ನೋವು: ಹಿಂದಿನ ವೈದ್ಯರು ಕಂಡ ಬಗೆ

ಅಬ್ಬಾಸೀ ಖಲೀಫಾ ಹಾರೂನ್ ರಶೀದರ (ಆಳ್ವಿಕೆ: ಕ್ರಿ.ಶ. 786–809) ಅರಮನೆಯ ದಾಸಿಯೊಬ್ಬಳ ವೃತ್ತಾಂತವು ಅರಬೀ ವೈದ್ಯಚರಿತ್ರೆಯಲ್ಲಿ ದಾಖಲಾಗಿದೆ. ಅವಳು ಮೇಲೆತ್ತಿದ ಕೈ ಹಾಗೆಯೇ ನಿಂತುಬಿಟ್ಟಿತು. ವೈದ್ಯರು ಎಣ್ಣೆ ಹಚ್ಚಿ ನೀವಿದರೂ ಫಲ ಕಾಣಲಿಲ್ಲ. ಕೊನೆಗೆ ಜಿಬ್ರೀಲ್ ಇಬ್ನು ಬುಖ್ತೀಶೂ ಎಂಬ ಕ್ರೈಸ್ತ ವೈದ್ಯರನ್ನು ಕರೆಸಲಾಯಿತು. ತಾನು ಮಾಡುವುದನ್ನು ಕಂಡು ಕೋಪಿಸಿಕೊಳ್ಳಬಾರದೆಂದು ಅವರು ಖಲೀಫರಲ್ಲಿ ಮೊದಲೇ ವಿನಂತಿಸಿದರು. ಬಳಿಕ ಎಲ್ಲರ ಮುಂದೆ ಓಡಿಹೋಗಿ, ಆಕೆಯ ಉಡುಪಿನ ಅಂಚನ್ನು ಎತ್ತುವವರಂತೆ ಕೈಚಾಚಿದರು. ಬೆಚ್ಚಿದ ಆಕೆ ಲಜ್ಜೆಯಿಂದ ಅದೇ ಕೈಯನ್ನು ಕೆಳಗಿಳಿಸಿ ಉಡುಪನ್ನು ಹಿಡಿದುಕೊಂಡಳು. ಕೈ ಗುಣವಾಗಿತ್ತು!

ದಮಾಸ್ಕಸ್‌ನ ನೂರೀ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದ್ದ ಇಬ್ನು ಅಬೀ ಉಸೈಬಿಆ 13ನೇ ಶತಮಾನದಲ್ಲಿ ಬರೆದ ವೈದ್ಯರ ಚರಿತ್ರೆಯಲ್ಲಿ ಈ ಪ್ರಸಂಗವಿದೆ. ರೋಗಿಯನ್ನು ನಾಚಿಸುವ ಆ ವಿಧಾನ ಇಂದು ಅನುಕರಣೀಯವಲ್ಲ. ನರಗಳಲ್ಲಿ ಹೆಪ್ಪುಗಟ್ಟಿದ್ದ ದ್ರವವು ದೇಹದ ಶಾಖಕ್ಕೆ ಕರಗಿತೆಂಬ ಜಿಬ್ರೀಲರ ವಿವರಣೆಯೂ ಇಂದು ನಿಲ್ಲದು. ಆದರೆ ಒಂದು ಸಂಗತಿಯನ್ನು ನಾವು ಗಮನಿಸಬೇಕು. ಕೈ ಕ್ಷಣಾರ್ಧದಲ್ಲಿ ಇಳಿದುದನ್ನು ಕಂಡ ಮೇಲೂ ಅವರು ಆಕೆಯನ್ನು ನಟನೆಗಾರ್ತಿ ಎನ್ನಲಿಲ್ಲ. ಅದನ್ನು ಕಾಯಿಲೆಯೆಂದೇ ಪರಿಗಣಿಸಿ ಕಾರಣ ಹುಡುಕಿದರು.

ಮುಂದಿನ ಶತಮಾನದಲ್ಲಿ ಅಬೂ ಝೈದ್ ಅಲ್ ಬಲ್ಖೀ (ನಿಧನ: 934) ಈ ವಿಚಾರವನ್ನು ವಿಸ್ತರಿಸಿದರು. ದೇಹ ಮತ್ತು ಮನಸ್ಸುಗಳ ಹಿತದ ಕುರಿತಾದ ಅವರ ಗ್ರಂಥದಲ್ಲಿ ಎರಡು ಭಾಗಗಳಿವೆ. ಎರಡನೆಯದು ಸಂಪೂರ್ಣವಾಗಿ ಮನಸ್ಸಿಗೇ ಮೀಸಲು. ದೇಹ ಹಾಗೂ ಮನಸ್ಸು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದರ ಬೇನೆ ಇನ್ನೊಂದನ್ನು ತಟ್ಟುತ್ತದೆ, ಆದ್ದರಿಂದ ಎರಡರ ಆರೈಕೆಯೂ ಅಗತ್ಯವೆಂದು ಅವರು ಪ್ರತಿಪಾದಿಸಿದರು. ಕಾರಣ ತಿಳಿದ ದುಃಖವನ್ನು ಕಾರಣ ತಿಳಿಯದ ದುಃಖದಿಂದ ಬೇರ್ಪಡಿಸಿ, ಎರಡನೆಯದರ ಮೂಲವನ್ನು ಅವರು ದೇಹದಲ್ಲೇ ಹುಡುಕಿದರು.

ಇಬ್ನು ಸೀನಾ (980–1037) ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರೇಮವಿರಹದಿಂದ ಕೃಶರಾಗಿ, ದೀರ್ಘ ಜ್ವರದಿಂದ ಬಳಲಿದ್ದವರು ಬಯಸಿದವರನ್ನು ಸೇರಿದೊಡನೆ ಬಹುಬೇಗ ಚೇತರಿಸಿಕೊಂಡುದನ್ನು ತಾವು ಕಂಡಿರುವುದಾಗಿ ‘ಅಲ್ ಕಾನೂನ್’ ಗ್ರಂಥದಲ್ಲಿ ಬರೆದಿದ್ದಾರೆ. ರೋಗಿಯು ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳದಿದ್ದರೆ, ನಾಡಿ ಹಿಡಿದು ಹೆಸರುಗಳನ್ನೂ ಬೀದಿಗಳನ್ನೂ ಒಂದೊಂದಾಗಿ ಉಚ್ಚರಿಸಬೇಕು. ನಾಡಿಯ ಬಡಿತ ಎಲ್ಲಿ ಬದಲಾಗುವುದೋ ಅಲ್ಲಿ ಕಾರಣವಿದೆ. ನಾಲಗೆ ಮುಚ್ಚಿಟ್ಟುದನ್ನು ದೇಹ ಹೇಳಿಬಿಡುತ್ತದೆಂದು ಅವರು ಅರಿತಿದ್ದರು.

ಇನ್ನು ನಮ್ಮ ಕಾಲಕ್ಕೆ ಬರೋಣ. ರಕ್ತಪರೀಕ್ಷೆ ಸರಿ, ಸ್ಕ್ಯಾನ್ ಸರಿ. ಆದರೂ ಕಾಲು ಎತ್ತಲಾಗದು, ಹೊಟ್ಟೆನೋವು ನಿಲ್ಲದು, ಅಪಸ್ಮಾರದಂತೆ ಮೈ ನಡುಗುವುದು. ಇಂತಹ ರೋಗಿಗಳು ಎಲ್ಲ ಆಸ್ಪತ್ರೆಗಳಲ್ಲೂ ಇದ್ದಾರೆ. ಅಂಗದ ರಚನೆಯಲ್ಲಿ ದೋಷ ಕಾಣದಿದ್ದರೂ ಅದರ ಕಾರ್ಯನಿರ್ವಹಣೆಯಲ್ಲಿ ಏರುಪೇರಾಗಬಹುದೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಅಮೆರಿಕದ ವೈದ್ಯ ಹೂವರ್ 1908ರಲ್ಲಿ ವಿವರಿಸಿದ ಪರೀಕ್ಷೆಯೊಂದಿದೆ. ಇಂತಹ ರೋಗಿಗೆ ಬಲಹೀನವಾದ ಕಾಲನ್ನು ಹಾಸಿಗೆಗೆ ಒತ್ತಲು ಹೇಳಿದರೆ ಆಗದು. ಇನ್ನೊಂದು ಕಾಲನ್ನು ಎತ್ತಲು ಹೇಳಿದಾಗ ಅದೇ ಕಾಲು ತಾನಾಗಿ ಕೆಳಕ್ಕೆ ಒತ್ತುತ್ತದೆ. ಪ್ರಯತ್ನಪಟ್ಟಾಗ ಒದಗದ ಶಕ್ತಿ, ಗಮನ ಬೇರೆಡೆಗೆ ಹರಿದಾಗ ಮರಳುತ್ತದೆ. ಹಾರೂನರ ಅರಮನೆಯಲ್ಲಿ ಇಳಿದ ಕೈಯನ್ನು ಇದು ನೆನಪಿಸುವುದಿಲ್ಲವೇ? ಈ ಲಕ್ಷಣವನ್ನು ವೈದ್ಯರು ಮೋಸದ ಸಾಕ್ಷ್ಯವೆಂದಲ್ಲ, ಗುಣವಾಗಬಲ್ಲದೆಂಬ ಭರವಸೆಯೆಂದು ರೋಗಿಗೇ ತೋರಿಸಿಕೊಡುತ್ತಾರೆ.

ಆದರೆ ನಮ್ಮ ಮನೆಗಳಲ್ಲಿ ಆಗುವುದೇನು? ವರದಿ ‘ನಾರ್ಮಲ್’ ಎಂದು ಬಂದೊಡನೆ ಕೆಲವರು ಸೊಸೆಯನ್ನೋ ಮಗಳನ್ನೋ ನಾಟಕಗಾರ್ತಿಯೆಂದು ಹೀಯಾಳಿಸುತ್ತಾರೆ. ಇನ್ನು ಕೆಲವರು ಜಿನ್ನ್ ಬಾಧೆಯೆಂದು ನಿರ್ಧರಿಸಿ, ಹೊಡೆದು ಬಡಿದು ಹಣ ಕೀಳುವವರ ಬಳಿಗೆ ಕರೆದೊಯ್ಯುತ್ತಾರೆ. ಎರಡೂ ರೋಗಿಯ ಮೇಲಿನ ಅನ್ಯಾಯವೇ. ದುಆ ನಮ್ಮ ಆಸರೆ. ಅದು ಚಿಕಿತ್ಸೆಗೆ ಅಡ್ಡಿಯಲ್ಲ. ಮದ್ದು ಮಾಡಿರೆಂದು ಬೋಧಿಸಿದವರು ಪ್ರವಾದಿ(ಸ)ರೇ. ಅಗತ್ಯ ತಪಾಸಣೆ ಮುಗಿದ ಮೇಲೆ ನರರೋಗ ಅಥವಾ ಮನೋರೋಗ ತಜ್ಞರ ಬಳಿಗೆ ಹೋಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ರೋಗಿಯನ್ನು ಸಂದರ್ಶಿಸಿ ಸಾಂತ್ವನ ಹೇಳುವುದು ನಮ್ಮ ಮೇಲಿರುವ ಹಕ್ಕು. ವರದಿಯಲ್ಲಿ ಹೆಸರಿಲ್ಲದ ನೋವಿನಿಂದ ನರಳುವವರಿಗೂ ಆ ಹಕ್ಕಿದೆ.